ಓಕ್ ಮರದ ಬೇರಿಗೆ ಬಾಯಿಟ್ಟ ಹಳದಿ ಹೂ

ಅಮೆರಿಕದ ಪೂರ್ವ ಭಾಗದ ಓಕ್ ಕಾಡುಗಳಲ್ಲಿ ವಸಂತದ ಹೂಗಳೆಲ್ಲ ಉದುರಿ, ನೆಲಕ್ಕೆ ನೆರಳು ಕವಿದ ಮೇಲೆ ಅರಳುವ ಗಿಡವೊಂದಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅದರ ತುಂಬ ಅಪ್ಪಟ ಹಳದಿ ಹೂಗಳು. ಒಂದೊಂದೂ ಸುಮಾರು 4 ಸೆಂ.ಮೀ. ಉದ್ದದ ಕೊಳವೆ, ಅದರ ಬಾಯಲ್ಲಿ ಐದು ಎಸಳು. ಮೈತುಂಬ ರೋಮವಿರುವ ಬಂಬಲ್ ಬೀ ದುಂಬಿ ಒಳಗೆ ನುಗ್ಗಿ, ಮೈಗೆ ಪರಾಗ ಮೆತ್ತಿಕೊಂಡು ಹೊರಬರುತ್ತದೆ. ಗಿಡದ ಹೆಸರು ಆರಿಯೊಲೇರಿಯಾ. ಇದನ್ನು ಬೇರುಸಮೇತ ಕಿತ್ತು ತೋಟದ ಒಳ್ಳೆಯ ಮಣ್ಣಿಗೆ ನೆಟ್ಟು, ಗೊಬ್ಬರ ಹಾಕಿ, ದಿನಾ ನೀರುಣಿಸಿದರೂ ಸಾಮಾನ್ಯವಾಗಿ ಸೊರಗಿ ಸಾಯುತ್ತದೆ. ಕೀಳುವಾಗ ಓಕ್ ಮರದ ಬೇರಿನೊಂದಿಗೆ ಅದಕ್ಕಿದ್ದ ನಂಟು ಕಡಿದುಹೋಗಿರುತ್ತದೆ.

ಆ ನಂಟು ಬೆಳೆಯುವ ಬಗೆ ನೋಡಬೇಕು. ಮರದ ಬೇರಿನ ಸುತ್ತಲಿನ ಮಣ್ಣಿನಲ್ಲಿ ಆ ಬೇರಿನಿಂದಲೇ ಬಂದ ಕ್ವಿನೋನ್ ಮೊದಲಾದ ರಾಸಾಯನಿಕಗಳು ಬೆರೆತಿರುತ್ತವೆ. ಈ ಬಗೆಯ ಗಿಡದ ಬೇರುಗಳಿಗೆ ಅದೇ ಸುಳಿವು. ಸುಳಿವು ಸಿಕ್ಕ ಜಾಗದಲ್ಲಿ ಬೇರು ಊದಿಕೊಂಡು ಪುಟ್ಟ ಗಂಟಾಗುತ್ತದೆ. ಅದರ ಮೇಲೆದ್ದ ನವಿರಾದ ರೋಮಗಳು ಮರದ ಬೇರನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಗಂಟಿನ ಜೀವಕೋಶಗಳು ತೊಗಟೆಯನ್ನು ಸೀಳಿ ಒಳಗಿಳಿದು, ನೀರು ಸಾಗುವ ನಾಳಗಳಿಗೆ ತಮ್ಮ ನಾಳಗಳನ್ನು ಕೂಡಿಸುತ್ತವೆ. ಇದೇ ಹೀರುಬೇರು. ಪಕ್ಕದ ಮನೆಯ ನೀರಿನ ಪೈಪಿಗೆ ನಮ್ಮದೊಂದು ಪೈಪು ಜೋಡಿಸಿಕೊಂಡ ಹಾಗೆ.

ಪೈಪು ಜೋಡಿಸಿದ ಮಾತ್ರಕ್ಕೆ ನೀರು ಹರಿದು ಬರಬೇಕಲ್ಲ! ಇಂಥ ಅರೆಪರಾವಲಂಬಿ ಗಿಡಗಳು ಎಲೆಯ ರಂಧ್ರಗಳನ್ನು ಧಾರಾಳವಾಗಿ ತೆರೆದಿಟ್ಟು ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಮೇಲೆ ನೀರು ಖಾಲಿಯಾದಷ್ಟೂ ಕೆಳಗಿನಿಂದ ಸೆಳೆತ ಹೆಚ್ಚುತ್ತದೆ. ಮರದ ನೀರು, ಅದರಲ್ಲಿ ಕರಗಿದ ಸಾರಜನಕ, ಖನಿಜಗಳು ಗಿಡದತ್ತ ಹರಿಯುತ್ತವೆ. ಇಷ್ಟಾದರೂ ಆರಿಯೊಲೇರಿಯಾದ ಎಲೆ ಹಸಿರಾಗಿಯೇ ಇದೆ, ಬಿಸಿಲಲ್ಲಿ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಇದನ್ನು ಕಳ್ಳ ಗಿಡವೆಂದು ಜರೆಯಲು ನನಗೆ ಮನಸ್ಸು ಬರುವುದಿಲ್ಲ. ಬೆಳೆದು ನಿಂತ ಓಕ್ ಮರಕ್ಕೆ ಈ ನಷ್ಟ ಗಣನೆಗೇ ಬಾರದು. ಇದೇ ಕುಟುಂಬದ ಸ್ಟ್ರೈಗಾ ಕಳೆ ಜೋಳದ ಹೊಲಕ್ಕೆ ಬಿದ್ದಾಗಿನ ಕತೆ ಬೇರೆ. ಅಲ್ಲಿ ಪೈರೇ ಒಣಗುತ್ತದೆ, ರೈತ ಕೈಚೆಲ್ಲಿ ಕೂರಬೇಕಾಗುತ್ತದೆ.

ಕನ್ನಡಿಗರಿಗೆ ಈ ಬದುಕು ಹೊಸದೇನಲ್ಲ. ನಮ್ಮ ಶ್ರೀಗಂಧವೂ ಬೇರಿನಿಂದ ಹೀರುವ ಅರೆಪರಾವಲಂಬಿಯೇ. ಅದು ಆರಿಯೊಲೇರಿಯಾದ ನೆಂಟನಲ್ಲ. ಹೂಬಿಡುವ ಸಸ್ಯಗಳಲ್ಲಿ ಪರಾವಲಂಬನೆ ಹತ್ತಾರು ಕಡೆ ಬೇರೆಬೇರೆಯಾಗಿಯೇ ಹುಟ್ಟಿಕೊಂಡಿದೆ. ಗಂಧದ ಈ ಗುಟ್ಟನ್ನು ಸಸ್ಯವಿಜ್ಞಾನಿ ಜಾನ್ ಸ್ಕಾಟ್ 1871ರಲ್ಲಿ ದಾಖಲಿಸಿದರು. ಇಂದು ನರ್ಸರಿಗಳಲ್ಲಿ ಗಂಧದ ಸಸಿಯಿರುವ ಪಾಲಿಥಿನ್ ಚೀಲಕ್ಕೇ ತೊಗರಿ ಕಾಳನ್ನೂ ಹಾಕುತ್ತಾರೆ. ತೊಗರಿ ಮೇಲೆದ್ದು ನೆರಳು ಮುಚ್ಚದಂತೆ ಆಗಾಗ ಕುಡಿ ಚಿವುಟುತ್ತಾರೆ. ತೊಗರಿ ಸಾಯಲೂಬಾರದು, ಸೊಕ್ಕಲೂಬಾರದು. ತೋಟಕ್ಕೆ ಹೋದ ಮೇಲೆ ಗಂಧಕ್ಕೆ ಹೊಂಗೆ, ಸರ್ವೆಯಂಥ ಮರಗಳ ಆಸರೆ ಬೇಕು.

ಕಾಡಿನಲ್ಲಿ ಆರಿಯೊಲೇರಿಯಾಕ್ಕೂ ತನ್ನದೇ ಆಶ್ರಿತರಿದ್ದಾರೆ. ಅದರ ಎಲೆಯಲ್ಲಿ ಇರಿಡಾಯ್ಡ್ ಎಂಬ ಕಹಿ ಪದಾರ್ಥಗಳಿವೆ. ಗಿಡವನ್ನು ಒಣಗಿಸಿದರೆ ಕಪ್ಪಾಗುವುದು ಅವುಗಳಿಂದಲೇ. ಬೇರೆ ಕೀಟಗಳು ದೂರವಿಡುವ ಈ ಕಹಿಯನ್ನು ಬಕ್‌ಐ ಚಿಟ್ಟೆಯ ಮರಿಹುಳು ಹುಡುಕಿಕೊಂಡು ಬಂದು ತಿನ್ನುತ್ತದೆ, ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ತಿನ್ನಲು ಬಂದ ಶತ್ರುಗಳಿಗೆ ಆಗ ಹುಳುವೇ ಕಹಿ. ನಮ್ಮ ಬಯಲುಗಳಲ್ಲಿ ಹಾರಾಡುವ ಬ್ಲೂ ಪ್ಯಾನ್ಸಿ ಚಿಟ್ಟೆ ಇದೇ ಜುನೋನಿಯಾ ಕುಲದ್ದು. ಅದರ ಮರಿಗಳು ಸ್ಟ್ರೈಗಾವನ್ನು ಮೇಯುತ್ತವೆ ಎಂಬುದು ನನಗೆ ಬಲು ಖುಷಿ ಕೊಟ್ಟ ಸಂಗತಿ.

ಓಕ್ ಕಾಡಿನ ಸ್ಥಿತಿ ಈಗ ಮೊದಲಿನಂತಿಲ್ಲ. ಹಿಂದೆ ಆಗಾಗ ಹಬ್ಬುತ್ತಿದ್ದ ನೆಲಬೆಂಕಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ತಡೆದದ್ದರಿಂದ ಮೇಪಲ್‌ನಂಥ ಮರಗಳು ದಟ್ಟವಾಗಿ ಎದ್ದು ಬಿಸಿಲು ಮರೆಯಾಗಿದೆ, ಓಕ್ ಸಸಿಗಳು ಏಳುತ್ತಿಲ್ಲ. ಎದ್ದ ಆರಿಯೊಲೇರಿಯಾವನ್ನು ಜಿಂಕೆಗಳು ಬಿಡುವುದಿಲ್ಲ. ಗಿಡ ಕೀಳುವ ಆಸೆ ಬಿಟ್ಟ ಹೂಪ್ರಿಯರು ಈಗ ಬೀಜವನ್ನು ಚಳಿಗೆ ಮುಂಚೆಯೇ ಎಳೆಯ ಓಕ್ ಬುಡದಲ್ಲಿ ಎರಚಿ, ಸುತ್ತ ಜಿಂಕೆ ತಡೆಯುವ ತಂತಿಬಲೆ ಕಟ್ಟುತ್ತಾರೆ.