ಮೀನಿನ ಎದೆಯ ಸಾಕ್ಷ್ಯ

ನೀರೊಳಗಿನ ಮೀನು ನೀರು ಕುಡಿದುದನ್ನು ಕಂಡುಹಿಡಿಯುವುದು ಆಗದ ಮಾತೆಂಬ ಹೋಲಿಕೆಯೊಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲುಂಟು. ಬೊಕ್ಕಸದ ಹಣವನ್ನು ನುಂಗುವ ಅಧಿಕಾರಿಗಳನ್ನು ಕುರಿತು ಬಂದ ಮಾತದು. ಆದರೆ ನೀರಿನೊಡನೆ ವಿಷವೂ ಮೀನಿನ ಒಡಲು ಸೇರಿದ್ದರೆ ಅದನ್ನು ಇಂದು ಅರಿಯಬಹುದು. ಅದರ ಹೃದಯವೇ ಸಾಕ್ಷಿ ನುಡಿಯುತ್ತದೆ.

1989ರ ಮಾರ್ಚ್ 24ರಂದು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕಡಲತೋಳಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ, ಸುಮಾರು ನಾಲ್ಕು ಕೋಟಿ ಲೀಟರು ಕಚ್ಚಾ ತೈಲ ಸಮುದ್ರದ ಪಾಲಾಯಿತು. ಎಣ್ಣೆ ಮೆತ್ತಿದ ಹಕ್ಕಿಗಳ ಶವಗಳನ್ನು ಲೋಕವೆಲ್ಲ ಕಂಡಿತು. ಅದೇ ವಸಂತದಲ್ಲಿ ದಡದ ನೀರಿನಲ್ಲಿ ಮೊಟ್ಟೆಯಿಟ್ಟ ಹೆರಿಂಗ್ ಮೀನುಗಳ ಪಾಡು ಮಾತ್ರ ಬರಿಗಣ್ಣಿಗೆ ಬೀಳುವಂಥದಾಗಿರಲಿಲ್ಲ.

ಹೃದಯದ ಮಾಂಸಕೋಶಗಳು ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಒಳಹೊರಗಿನ ಸಂಚಾರದಿಂದಲೇ ಸಂಕೋಚಿಸಿ ವಿಕಾಸಗೊಳ್ಳುತ್ತವೆ. ತೈಲದಲ್ಲಿರುವ ಫಿನಾಂತ್ರೀನ್‌ನಂಥ ವಸ್ತುಗಳು ಈ ಸಂಚಾರಕ್ಕೆ ಅಡ್ಡಬರುತ್ತವೆ. ಮಿಡಿತದ ಲಯ ತಪ್ಪುತ್ತದೆ.

ಇದನ್ನು ಅಳೆಯುವುದೆಂತು? ನಮ್ಮ ದೇಶದ ಹೊಳೆಗಳಲ್ಲಿಯೂ ಇರುವ ಜೀಬ್ರಾ ಮೀನಿನ ಭ್ರೂಣವು ಗಾಜಿನಂತೆ ಪಾರದರ್ಶಕ. ಒಂದು ದಿನ ತುಂಬುವ ಹೊತ್ತಿಗೆ ಅದರ ಹೃದಯ ಮಿಡಿಯತೊಡಗುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ಮಿಡಿತಗಳನ್ನು ಎಣಿಸಬಹುದು, ಹೃದಯದ ಸುತ್ತ ನೀರು ತುಂಬಿದ ಬಾವನ್ನು ನೋಡಬಹುದು. ಬೆಳೆದ ಮೀನಾದರೆ ಹೃದಯವನ್ನು ಫಾರ್ಮಲಿನ್‌ನಲ್ಲಿ ಕೆಡದಂತಿರಿಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದ ಐದು ಪಾಲಿನಷ್ಟು ತೆಳುವಾಗಿ ಕೊಯ್ದು ಬಣ್ಣ ಕಟ್ಟುತ್ತಾರೆ. ಕೋಶಕೇಂದ್ರಗಳು ನೀಲಿಯಾಗಿಯೂ ಮಾಂಸದ ಎಳೆಗಳು ನಸುಗೆಂಪಾಗಿಯೂ ತೋರುತ್ತವೆ. ಹರಿದ ಎಳೆ, ಸತ್ತ ಕೋಶ, ಉರಿಯೂತದ ಗುರುತು—ಒಂದೊಂದಕ್ಕೂ ತೀವ್ರತೆಗೆ ತಕ್ಕ ಅಂಕವುಂಟು. ಶುದ್ಧ ನೀರಿನ ಮೀನುಗಳ ಹೃದಯಗಳೂ ಜೊತೆಗಿರುತ್ತವೆ. ಯಾವುದು ಯಾವ ನೀರಿನದೆಂಬುದು ಅಂಕವೀಯುವವರಿಗೆ ತಿಳಿಯಬಾರದು. ಹೆಸರು ಮರೆಸಿದ ಉತ್ತರಪತ್ರಿಕೆಯ ನ್ಯಾಯವೇ ಇಲ್ಲಿಯದೂ.

ಹೀಗೆ ನೋಡುವಾಗ ಕಾಣುವ ಹಾನಿ ಯಾವಾಗಲೂ ಸಾವಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆರಿಂಗ್ ಮತ್ತು ಸಾಲ್ಮನ್ ಭ್ರೂಣಗಳನ್ನು ಅತ್ಯಲ್ಪ ತೈಲವಿದ್ದ ನೀರಿನಲ್ಲಿರಿಸಿ, ಬಳಿಕ ಶುದ್ಧ ನೀರಿನಲ್ಲಿ ಸಾಕಿದರು. ತಿಂಗಳುಗಳು ಕಳೆದ ಮೇಲೂ ಉಳಿದ ಮರಿಗಳ ಹೃದಯದ ಆಕಾರ ಕೆಟ್ಟಿತ್ತು, ಈಜಿನ ಕಸುವು ಕುಗ್ಗಿತ್ತು. ಕಡಲಿನಲ್ಲಿ ಹಿಂದೆ ಬಿದ್ದ ಮೀನು ಮತ್ತೊಂದರ ತುತ್ತು.

ಆ ಕಡಲತೋಳಿನ ಹೆರಿಂಗ್ ಸಂತತಿ 1993ರಲ್ಲಿ ಕುಸಿಯಿತು, ಬಲೆಗಳು ಬರಿದಾದುವು. ತೈಲವೇ ಕಾರಣವೆ, ರೋಗವೆ ಎಂಬ ವಾದ ಇನ್ನೂ ತೀರಿಲ್ಲ. ಹೃದಯದ ಸಾಕ್ಷ್ಯವೊಂದರಿಂದಲೇ ತೀರ್ಪು ಹೇಳಲಾಗದು, ನಿಜ. ಆದರೆ ತೇಲಿಬಂದ ಹೆಣಗಳನ್ನಷ್ಟೇ ಎಣಿಸಿ ನಷ್ಟದ ಲೆಕ್ಕ ಮುಗಿಯಿತೆನ್ನುವುದೂ ಸಲ್ಲದು. ಬದುಕಿ ಉಳಿದವುಗಳ ಎದೆಯನ್ನೂ ಕೇಳಬೇಕು.