ಪಾಕೀಟಿನ ಊಟ ತರ್ತೀರಾ? ಹಿಂದಿನ ಬದಿ ಓದಿ ತರ್ರಿ

ಗದಗ-ಬೆಟಗೇರಿಯಿಂದ ದಿನಾ ಮುಂಜಾನೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ನೌಕರಿಗೆ ಹೋಗುವ ಹೆಣ್ಣುಮಕ್ಕಳು ಬಸ್ಸಿನಲ್ಲಿ ಕೂತರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ: "ರಾತ್ರಿಗೆ ಏನ್ ಮಾಡ್ತೀರ್ರಿ?" ಮುಂಡರಗಿಗೆ ಹೋಗಿಬರುವ ನಾನೂ ಆ ಗುಂಪಿನವಳೇ. ಮನೆ ಮುಟ್ಟುವಷ್ಟರಲ್ಲಿ ಏಳು ಹೊಡೆದಿರುತ್ತದೆ. ವಾರಕ್ಕೆ ಒಂದೆರಡು ಸಲ ಸೂಪರ್ ಮಾರ್ಕೆಟ್ಟಿನ ಸಿದ್ಧ ಊಟ ನಮ್ಮ ಮನೆಗೂ ಬರುತ್ತದೆ. ಅದಕ್ಕೆ ನಾಚಿಕೊಳ್ಳುವುದೇನೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ನಮ್ಮ ಅತ್ತೆಯವರಿಗೆ ಬಿ.ಪಿ. ಇದೆ. "ಉಪ್ಪು ಕಡಿಮೆ ಮಾಡ್ರಿ" ಎಂದು ಡಾಕ್ಟರು ಹೇಳಿದಂದಿನಿಂದ ಪಾಕೀಟಿನ ಹಿಂದಿನ ಸಣ್ಣ ಅಕ್ಷರ ಓದದೆ ನಾನು ಯಾವುದನ್ನೂ ಬುಟ್ಟಿಗೆ ಹಾಕುವುದಿಲ್ಲ.

ಅತ್ತೆಯವರ ತಕರಾರು ಬೇರೆಯೇ. "ವರ್ಷಗಟ್ಲೆ ಕೆಡೂದಿಲ್ಲ ಅಂದ್ರ ಅದರಾಗ ಏನೋ ಔಷಧ ಹಾಕಿರ್ತಾರ ಬಿಡವಾ" ಅಂತಾರೆ. ಬಿಸಿಬೇಳೆ ಬಾತ್, ದಾಲ್, ರಾಜ್ಮಾದಂಥ ದಪ್ಪ ಪಾಕೀಟುಗಳು ಕೆಡದಿರುವುದಕ್ಕೆ ಮುಖ್ಯ ಕಾರಣ ಔಷಧವಲ್ಲ, ಶಾಖ. ಅಡುಗೆಯನ್ನು ಪಾಕೀಟಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ದೊಡ್ಡ ಕುಕ್ಕರ್ ಇದ್ದ ಹಾಗೆ. ಒಳಗಿನ ಸೂಕ್ಷ್ಮಾಣು ಸಾಯುತ್ತವೆ, ಹೊರಗಿನವು ಒಳಗೆ ಹೋಗಲಾರವು. ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಊಟ ರೂಪಿಸಿತು, ಅಲ್ಲಿಯ ತಂತ್ರಜ್ಞಾನ ಪಡೆದು ಬೆಂಗಳೂರಿನ ಎಂಟಿಆರ್ ಅದನ್ನು ಅಂಗಡಿಗೆ ತಂದಿತು. ಪಾಕೀಟು ಉಬ್ಬಿದ್ದರೆ, ಸೋರುತ್ತಿದ್ದರೆ ಮಾತ್ರ ಮುಟ್ಟಬೇಡಿ.

ಹೆದರಬೇಕಾದದ್ದು ಉಪ್ಪಿಗೆ. ಆ ಕೋಷ್ಟಕದಲ್ಲಿ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಸಿಗುತ್ತದೆ. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ, ಅಂದರೆ 2000 ಮಿಲಿಗ್ರಾಂ ಸೋಡಿಯಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲೊಂದು ಸೂಕ್ಷ್ಮ ಇದೆ. ಆ ಅಂಕಿ ಸಾಮಾನ್ಯವಾಗಿ 100 ಗ್ರಾಂಗೆ ಕೊಟ್ಟಿದ್ದು, ಪಾಕೀಟಿಗೆ ಅಲ್ಲ. 450 ಎಂದು ಬರೆದಿದ್ದು, ಪಾಕೀಟು 300 ಗ್ರಾಂ ಇದ್ದರೆ ಒಟ್ಟು 1350 ಆಯಿತು. ಒಬ್ಬರೇ ಪೂರ್ತಿ ಉಂಡರೆ ದಿನದ ಉಪ್ಪಿನ ಮೂರರಲ್ಲಿ ಎರಡು ಪಾಲು ಒಂದೇ ಊಟಕ್ಕೆ ಹೋಯಿತು. ಮ್ಯಾಲೆ ಉಪ್ಪಿನಕಾಯಿ, ಹಪ್ಪಳ ಬ್ಯಾರೆ! ಹಾಗಾಗಿ ಎರಡು ಕಂಪನಿಯ ದಾಲ್ ಕೈಯಲ್ಲಿ ಹಿಡಿದು 100 ಗ್ರಾಂ ಸಾಲನ್ನೇ ಹೋಲಿಸಿ ನೋಡಿ. ಒಂದಕ್ಕೂ ಇನ್ನೊಂದಕ್ಕೂ ಬಹಳ ಫರಕು ಸಿಗುತ್ತದೆ.

ಪದಾರ್ಥಗಳ ಪಟ್ಟಿಯನ್ನೂ ನೋಡಿ. ತೂಕದಲ್ಲಿ ಹೆಚ್ಚಿದ್ದುದರ ಹೆಸರು ಮೊದಲು ಬರಬೇಕೆಂಬುದು ನಿಯಮ. ದಾಲ್ ಅಂತ ಕೊಂಡಾಗ ಬೇಳೆಯ ಹೆಸರು ಎಣ್ಣೆಗಿಂತ ಹಿಂದೆ ಬಿದ್ದಿದ್ದರೆ ನಾನು ವಾಪಸ್ ಇಟ್ಟುಬಿಡುತ್ತೇನೆ.

ಇನ್ನು ನಮ್ಮ ಕಡೆಯ ಅನುಕೂಲ. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಕಡಕ್ ರೊಟ್ಟಿ ಗದಗಿನಲ್ಲಿ ಮನೆಯಿಂದಲೇ ಮಾಡಿ ಮಾರುವವರ ಹತ್ತಿರವೂ ಸಿಗುತ್ತದೆ, ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ಬಹಳ ದಿನ ಬಾಳಿಕೆ ಬರುತ್ತದೆ. ನಾನು ಅನ್ನ ಸಮೇತ ಇರುವ ಪಾಕೀಟು ತರುವುದಿಲ್ಲ, ಬರೀ ದಾಲ್ ಅಥವಾ ಕಾಳಿನ ಪಲ್ಯದ್ದು ತರುತ್ತೇನೆ. ಕುಕ್ಕರಿನಲ್ಲಿ ಒಂದು ವಾಟಗ ತೊಗರಿಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ ಪಾಕೀಟಿನ ದಾಲ್‌ಗೆ ಕೂಡಿಸಿ ಒಂದು ಕುದಿ ಕುದಿಸಿದರೆ ಇಬ್ಬರ ಊಟ ನಾಲ್ವರಿಗೆ ಆಗುತ್ತದೆ, ತಲೆಗೆ ಬರುವ ಉಪ್ಪು ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಕಡಕ್ ರೊಟ್ಟಿ, ಮೊಸರು, ಹಸಿ ಉಳ್ಳಾಗಡ್ಡಿ, ಸವತಿಕಾಯಿ. ಶೇಂಗಾ ಹಿಂಡಿ ಬೇಕೇ ಬೇಕು ಅನ್ನುವವರು ಅದರಲ್ಲೂ ಉಪ್ಪಿದೆ ಅನ್ನೋದು ನೆನಪಿಡಿ. ಅತ್ತೆಯವರಿಗೆ ಅರ್ಧ ಚಮಚ ಅಷ್ಟೇ, ಅದಕ್ಕೂ ದಿನಾ ಜಗಳ.

ಬಿಸಿನೀರು ಹಾಕಿ ತಿನ್ನುವ ಅವಲಕ್ಕಿ, ಉಪ್ಪಿಟ್ಟಿನ ಕಪ್ಪುಗಳು ನನಗಂತೂ ದಂಡ ಅನ್ನಿಸುತ್ತವೆ. ಹಚ್ಚಿದ ಅವಲಕ್ಕಿಗೆ ಎಷ್ಟು ಹೊತ್ತು ಬೇಕು ಹೇಳ್ರಿ? ನೂಡಲ್ಸ್ ಆದರೆ ಮಕ್ಕಳ ಹಟ. ಮಸಾಲೆ ಚೀಟಿ ಅರ್ಧ ಹಾಕಿ, ಗಜ್ಜರಿ, ಬಟಾಣಿ ಸೇರಿಸುತ್ತೇನೆ, ಏಕೆಂದರೆ ಉಪ್ಪಿನ ದೊಡ್ಡ ಪಾಲು ಆ ಚೀಟಿಯಲ್ಲೇ ಇರುತ್ತದೆ. ಪಾಕೀಟೂ ಇಲ್ಲದ ದಿನಕ್ಕೆ ಅತ್ತೆಯವರು ಮಾಡಿಟ್ಟ ಮೆಂತೆ ಹಿಟ್ಟು ಇದೆ. ಮೊಸರಲ್ಲಿ ಕಲಸಿದರೆ ಮುಗೀತು.

ಫ್ರೀಜರಿನ ಪರೋಟ, ಚಪಾತಿ ಕೊಳ್ಳುವವರಿಗೆ ಒಂದು ಮಾತು. ಅವು ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದವು. ಪಾಕೀಟಿನೊಳಗೆ ಮಂಜಿನ ಗಡ್ಡೆ ಕಟ್ಟಿದ್ದರೆ, ಪರೋಟ ಒಂದಕ್ಕೊಂದು ಅಂಟಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು, ಬಿಡಿ. ಕೊನೆಗೆ ಬಿಲ್ ಮಾಡಿಸುವಾಗ ತೆಗೆದುಕೊಳ್ಳಿ. ರವಿವಾರ ಗದಗಿಗೆ ಸಂತಿ ಮಾಡಲು ಬಂದು ಲಕ್ಷ್ಮೇಶ್ವರ, ಮುಂಡರಗಿಗೆ ಬಸ್ಸಿನಲ್ಲಿ ಮರಳುವವರು ಬೇಸಿಗೆಯಲ್ಲಿ ಇವನ್ನು ಕೊಳ್ಳದಿರುವುದೇ ಚಲೋ. ಮನೆ ಮುಟ್ಟುವಷ್ಟರಲ್ಲಿ ಕರಗಿರುತ್ತವೆ. ಹಾಗೇನಾದರೂ ಆದರೆ ಮತ್ತೆ ಫ್ರೀಜರಿಗೆ ಇಡಬೇಡಿ, ಅವತ್ತೇ ಬೇಯಿಸಿ ಉಣ್ಣಿ.