ಉದ್ದ ಹಲಗೆಯ ಪರವಾಗಿ

ಹಾಯಿದೋಣಿಯಲ್ಲಿ ಕಂಬ ಅಲುಗಬಾರದು, ದಿಕ್ಕು ತಿರುಗಿಸಲು ಹಿಂದೊಂದು ಚುಕ್ಕಾಣಿ ಇರಬೇಕು. ಸಾವಿರಾರು ವರ್ಷ ಕಡಲಿಗಿಳಿದವರು ಬಹುಮಟ್ಟಿಗೆ ನಂಬಿ ನಡೆದದ್ದು ಈ ಎರಡು ಮಾತುಗಳನ್ನು. ವಿಂಡ್‌ಸರ್ಫಿಂಗ್ ಎರಡನ್ನೂ ಕೈಬಿಟ್ಟಿತು. ಇಲ್ಲಿ ಹಾಯಿಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಕೀಲಿದೆ. ಹಲಗೆಯ ಮೇಲೆ ನಿಂತವರು ಬೂಮ್ ಎಂಬ ಅಡ್ಡಹಿಡಿಯನ್ನು ಹಿಡಿದು ಇಡೀ ಹಾಯಿಯನ್ನು ತಮ್ಮ ಮೈಭಾರದಿಂದಲೇ ತಡೆದು ನಿಲ್ಲಿಸುತ್ತಾರೆ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆ ಸರಿಯುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯತ್ತ ತಿರುಗುತ್ತದೆ. ಗಾಳಿ ಮಿತಿಮೀರಿತೋ, ಕೈಬಿಟ್ಟರೆ ಸಾಕು: ಹಾಯಿ ನೀರಿಗೆ ಬೀಳುತ್ತದೆ, ಹಲಗೆ ತೇಲುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಇದಕ್ಕೆ ಪೇಟೆಂಟ್ ಕೋರಿದರು. ಆದರೆ ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡರ ಹುಡುಗ 1958ರಲ್ಲೇ ಇಂಥದ್ದೊಂದನ್ನು ಕಟ್ಟಿ ಓಡಿಸಿದ್ದ. ಅದನ್ನೂ ಪರಿಗಣಿಸಿದ ಅಲ್ಲಿನ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಆ ಪೇಟೆಂಟ್ ಊರ್ಜಿತವಲ್ಲ ಎಂದಿತು. ಒಬ್ಬ ಹುಡುಗನ ಕೈಗೂ ಎಟುಕಿದ ಈ ಸರಳತೆಯೇ ಆಟದ ಜೀವಾಳ ಎಂಬುದು ನನ್ನ ವಾದ.

ಮೊದಲ ಹಲಗೆಗಳು ಸುಮಾರು ಹನ್ನೆರಡು ಅಡಿ ಉದ್ದವಿದ್ದವು. ಭಾರವೆನಿಸಿದರೂ ನಿಂತವರನ್ನು ಹೊತ್ತು ತೇಲುತ್ತಿದ್ದವು, ಮಂದ ಗಾಳಿಯಲ್ಲೂ ಸಾಗುತ್ತಿದ್ದವು. ಯುರೋಪಿನ ಒಳನಾಡಿನ ಕೆರೆಗಳಿಗೂ ಆಟ ಹಬ್ಬಿದ್ದು ಅದರಿಂದಲೇ. ಹವಾಯಿಯ ರಾಬಿ ನೈಶ್ 1976ರಲ್ಲಿ ತನ್ನ ಹದಿಮೂರನೆಯ ವಯಸ್ಸಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದದ್ದೂ ಅಂಥ ಹಲಗೆಯ ಮೇಲೆ. ಆಮೇಲೆ ವೇಗದ ಆಸೆ ಹತ್ತಿತು. ಹಲಗೆಗಳು ಗಿಡ್ಡವಾದವು, ಹಗುರವಾದವು. ನೀರನ್ನು ಸೀಳುವ ಬದಲು ನೀರಿನ ಮೇಲೆ ಜಾರತೊಡಗಿದವು. ಆದರೆ ಹಾಗೆ ಜಾರಲು ಬಿರುಸಾದ ಗಾಳಿ ಬೇಕು. ತೀರ ಚಿಕ್ಕ ಹಲಗೆಯಂತೂ ನಿಂತಲ್ಲೇ ಮುಳುಗುತ್ತದೆ. ನೀರಿನಲ್ಲೇ ತೇಲುತ್ತ ಕಾದು, ಹಾಯಿಗೆ ಗಾಳಿ ತುಂಬಿಸಿ, ಅದರ ಎಳೆತಕ್ಕೆ ಮೇಲೇಳುವುದನ್ನು ಕಲಿಯಬೇಕು. ಭಾನುವಾರದ ಬಿಡುವಿನಲ್ಲಿ ಸಿಕ್ಕಷ್ಟು ಗಾಳಿಗೆ ಇಳಿಯುತ್ತಿದ್ದವರು ದಡದಲ್ಲೇ ಉಳಿದರು. ಆಟದ ಜನಪ್ರಿಯತೆ ಇಳಿಯಲು ಇದೊಂದೇ ಕಾರಣವಲ್ಲ, ಮುಂದೆ ಕೈಟ್‌ಬೋರ್ಡಿಂಗ್ ಕೂಡ ಅನೇಕರನ್ನು ಸೆಳೆಯಿತು. ಆದರೂ ಬಾಗಿಲು ಕಿರಿದಾದದ್ದು ಒಳಗಿನಿಂದಲೇ.

ವೇಗವಿಲ್ಲದಿದ್ದರೆ ಯುವಕರು ಬರುವರೇ ಎಂದು ಕೇಳುವವರಿದ್ದಾರೆ. ಫ್ರಾನ್ಸಿನ ಆಂಟ್ವಾನ್ ಅಲ್ಬೋ 2015ರಲ್ಲಿ ನಮೀಬಿಯಾದ ಲೂಡರಿಟ್ಸ್‌ನಲ್ಲಿ 53.27 ನಾಟ್, ಅಂದರೆ ಗಂಟೆಗೆ ಸುಮಾರು 99 ಕಿಲೋಮೀಟರ್ ವೇಗ ಮುಟ್ಟಿದ್ದು ನಿಜಕ್ಕೂ ಬೆರಗಿನ ಸಾಧನೆ. ಆದರೆ ಅದಕ್ಕೆಂದೇ ಅಗೆದ ಕಾಲುವೆ, ಅಲ್ಲಿನ ರಭಸದ ಗಾಳಿ, ಎರಡೂ ಬೇಕಾದವು. ಹೊಸಬರನ್ನು ಕರೆತರುವ ದಾರಿ ಬೇರೆ. ಹಾಂಗ್‌ಕಾಂಗ್‌ನ ಲೀ ಲೈ-ಶಾನ್ ಮೀನುಗಾರರ ಪುಟ್ಟ ದ್ವೀಪ ಚ್ಯೂಂಗ್ ಚೌನಲ್ಲಿ ಕಲಿತು, 1996ರಲ್ಲಿ ತನ್ನ ನಾಡಿಗೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದಳು. ಇಸ್ರೇಲಿಗೆ ಮೊದಲ ಚಿನ್ನ ತಂದವನೂ ವಿಂಡ್‌ಸರ್ಫರ್, 2004ರ ಗಾಲ್ ಫ್ರೀಡ್‌ಮನ್. ಇಬ್ಬರೂ ಗೆದ್ದದ್ದು ಸುಮಾರು 3.7 ಮೀಟರ್ ಉದ್ದದ, ಎಲ್ಲರಿಗೂ ಒಂದೇ ಮಾದರಿಯ ಮಿಸ್ಟ್ರಾಲ್ ಹಲಗೆಯ ಮೇಲೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 2024ರ ಒಲಿಂಪಿಕ್ಸ್‌ಗೆ ಬಂದ ಐಕ್ಯೂಫಾಯಿಲ್‌ನಲ್ಲಿ ನೀರೊಳಗಿನ ರೆಕ್ಕೆಯೊಂದು ಹಲಗೆಯನ್ನೇ ಮೇಲಕ್ಕೆತ್ತಿ ಹಾರಿಸುತ್ತದೆ, ಅದೂ ಸಾಧಾರಣ ಗಾಳಿಯಲ್ಲಿ. ಹಾಗಾದರೆ ಗಾಳಿಯ ಸಮಸ್ಯೆ ತೀರಿತಲ್ಲವೇ? ನುರಿತವರಿಗೆ ಹೌದು. ಕಲಿಯುವವರಿಗೆ ಅದು ಇನ್ನೂ ಎತ್ತರದ ಮೆಟ್ಟಿಲು: ಸಲಕರಣೆ ದುಬಾರಿ, ಬಿದ್ದಾಗ ಆ ಗಟ್ಟಿ ರೆಕ್ಕೆಯಿಂದ ಪೆಟ್ಟಾಗುವ ಭಯ ಬೇರೆ. ನಮ್ಮ ಕರಾವಳಿಯನ್ನೇ ನೋಡಿ. ಮುಂಗಾರಿನಲ್ಲಿ ಕಡಲು ಇಳಿಯುವಂತಿರುವುದಿಲ್ಲ. ಮಳೆಗಾಲ ಕಳೆದ ಮೇಲೆ ಮಧ್ಯಾಹ್ನ ಏಳುವ ಕಡಲಗಾಳಿ ಸಾಮಾನ್ಯವಾಗಿ ಹದವಾಗಿರುತ್ತದೆ ಮತ್ತು ದಡದ ಕಡೆಗೇ ಬೀಸುತ್ತದೆ. ಬೆಳಗಿನ ನೆಲಗಾಳಿ ಹಾಗಲ್ಲ, ಹೊಸಬರನ್ನು ಕಡಲಿನತ್ತ ತಳ್ಳಬಲ್ಲದು. ಇಂಥ ಕಡೆ ತರಬೇತಿ ತೆರೆಯುವವರು ಮೊದಲು ಕೊಳ್ಳಬೇಕಾದದ್ದು ಅಗಲವಾದ, ಚೆನ್ನಾಗಿ ತೇಲುವ ನಾಲ್ಕು ಉದ್ದ ಹಲಗೆಗಳನ್ನು, ಮಕ್ಕಳ ಕೈಗೆ ಹಗುರವಾಗುವ ಚಿಕ್ಕ ಹಾಯಿಗಳನ್ನು, ಜೊತೆಗೆ ಎಲ್ಲರಿಗೂ ಜೀವರಕ್ಷಕ ಅಂಗಿಗಳನ್ನು. ಫಾಯಿಲ್ ಆಮೇಲೆ ಬರಲಿ.